ಭಾವನಿಗೆ ಕುಡಿಸಿದ ಎಳನೀರು

ಹೋದ ತಿಂಗಳು ನನ್ನ ಸ್ವಂತ ಅಕ್ಕನನ್ನು ನಾಲ್ಕು ಜನರ ಮುಂದೆ ಜಿಪುಣಿ ಎಂದು ಬೈದೆ. ಯಾವ ವಿಷಯಕ್ಕೆ ಗೊತ್ತೆ? ಕುಡಿಯುವ ನೀರಿನ ವಿಷಯಕ್ಕೆ!

ಅಕ್ಕನ ಮನೆ ದಬ್ಬೇಘಟ್ಟದ ಹತ್ತಿರ. ಭಾವನಿಗೆ ಕಿಡ್ನಿ ತೊಂದರೆ, ಕಾಲು ಊದಿಕೊಂಡಿದೆ ಎಂದು ಕಾರ್ಡು ಬಂದಿತ್ತು. ಒಂದು ಗೊನೆ ಎಳನೀರು ಹೊತ್ತು ಬಸ್ ಹತ್ತಿದೆ. (ತೆಂಗಿನ ತೋಟದ ಮನೆಗೇ ಎಳನೀರು ಹೊರುವ ಪೆದ್ದುತನ ನಮ್ಮ ಸೀಮೆಯವರದ್ದು.) ಏನು ಮಾಡುವುದು? ಇಲ್ಲಿ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವಂತಿಲ್ಲ. ಜ್ವರಕ್ಕೂ ಎಳನೀರು, ವಾಂತಿಗೂ ಎಳನೀರು, ಉರಿಮೂತ್ರಕ್ಕಂತೂ ಎಳನೀರೇ.

ಭಾವ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ತುಟಿ ಒಣಗಿತ್ತು. ನೋಡಲು ಬಂದವರು ಸುತ್ತ ಕೂತಿದ್ದರು. ನೀರು ಕೇಳಿದರೆ ಅಕ್ಕ ಕಾಫಿ ಲೋಟದಲ್ಲಿ ಅರ್ಧ ತಂದಳು. ಮತ್ತೆ ಕೇಳಿದರು. "ಸಾಕು, ಸುಮ್ನಿರ್ರೀ" ಎಂದಳು. ಬಂದವರು ತಂದಿದ್ದ ಎಳನೀರೆಲ್ಲ ಮೂಲೆಯಲ್ಲಿ ಹಾಗೇ ಬಿದ್ದಿತ್ತು.

"ತ್ವಾಟದ್ ತುಂಬ ಕಾಯಿ. ಗಂಡುಂಗೆ ಒಂದ್ ಎಳ್ನೀರಿಗೂ ಗತಿಯಿಲ್ಲ ನೋಡಪ್ಪ" ಎಂದು ಪಕ್ಕದ ಮನೆಯ ಹಿರಿಯರು ನನ್ನ ಕಿವಿಯಲ್ಲಿ ಹೇಳಿದರು.

ನನಗೆ ರೇಗಿತು. "ಏನಕ್ಕಾ ಇದು? ಕೊಬ್ರಿ ಕಮ್ಮಿಯಾಯ್ತದೆ ಅಂತ್ಲಾ? ನಿನ್ನಂಥ ಜಿಪುಣೀನ ನಾನ್ ಕಂಡಿಲ್ಲ!"

"ಹಂಗಲ್ಲ ಕಣೋ, ಡಾಕ್ಟ್ರು..." ಎಂದು ಅಕ್ಕ ಶುರು ಮಾಡಿದಳು.

"ಡಾಕ್ಟ್ರಿಗೇನ್ ಗೊತ್ತು ಬುಡು" ಎಂದೆ. ಮಚ್ಚು ತಂದು ನಾನೇ ಕೆತ್ತಿ ಎರಡು ಎಳನೀರು ಕುಡಿಸಿದೆ. ಜಗಲಿಯವರೆಲ್ಲ ಭೇಷ್ ಎಂದರು. ಅಕ್ಕ ಒಳಗೆ ಹೋದಳು.

ಸಂಜೆಯ ಹೊತ್ತಿಗೆ ಭಾವನ ಕೈಕಾಲು ಸೋತವು. ಉಸಿರು ಸಾಲುತ್ತಿಲ್ಲ ಎಂದರು. ಟ್ಯಾಕ್ಸಿ ಮಾಡಿ ತಿಪಟೂರಿನ ನರ್ಸಿಂಗ್ ಹೋಮಿಗೆ ಓಡಿದೆವು. ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ಭಾವ ಉಳಿದರು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು.

"ಪೇಪರಿನಲ್ಲಿ ಬರೆಯೋರಲ್ವಾ ನೀವು? ಇಷ್ಟು ತಿಳ್ಕೊಳ್ಳಿ. ನಾವು ಒಂದು ಲೋಟ ನೀರು ಕುಡಿದರೂ, ಒಂದು ಚೊಂಬು ಕುಡಿದರೂ ರಕ್ತದಲ್ಲಿ ನೀರು, ಉಪ್ಪು ಹದವಾಗಿರೋ ಹಾಗೆ ನೋಡ್ಕೊಳ್ಳೋದು ಕಿಡ್ನಿ. ಬೇಕಾದ್ದು ಇಟ್ಕೊಂಡು ಮಿಕ್ಕಿದ್ದು ಹೊರಗೆ ಹಾಕುತ್ತೆ. ಇವರದ್ದು ಆ ಕೆಲಸ ಹೆಚ್ಚುಕಮ್ಮಿ ನಿಲ್ಲಿಸಿದೆ. ಕುಡಿದ ನೀರು ಮೈಯಲ್ಲೇ ನಿಲ್ಲುತ್ತೆ. ಅದರ ಮೇಲೆ ಎಳನೀರಲ್ಲಿ ಪೊಟ್ಯಾಶಿಯಂ ಅನ್ನೋ ಲವಣ ಜಾಸ್ತಿ. ರಕ್ತದಲ್ಲಿ ಅದು ಏರಿದರೆ ಗುಂಡಿಗೇನೇ ನಿಂತುಹೋಗುತ್ತೆ. ನಿಮ್ಮಕ್ಕನಿಗೆ ಎಲ್ಲ ಹೇಳಿ ಕಳಿಸಿದ್ದೆ."

ಭಾವನ ಕಿಡ್ನಿ ಮಾಡಬೇಕಿದ್ದ ಕೆಲಸವನ್ನು ಅಕ್ಕ ಇಷ್ಟು ದಿನ ಒಂದು ಕಾಫಿ ಲೋಟ ಹಿಡಿದು ಮಾಡುತ್ತಿದ್ದಳು. ಊರವರ ಕೈಲಿ ಬೈಸಿಕೊಂಡೂ ಮಾಡುತ್ತಿದ್ದಳು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಅಕ್ಕನ ಮುಖ ನೋಡಲಾಗಲಿಲ್ಲ.

ಭಾವನನ್ನು ಮನೆಗೆ ಕರೆತಂದ ದಿನ ಅಡುಗೆಮನೆಗೆ ಹೋಗಿ "ತಪ್ಪಾಯ್ತಕ್ಕ" ಎಂದೆ.

ಅಕ್ಕ ಒಲೆಯ ಕಡೆಯಿಂದ ತಿರುಗಲಿಲ್ಲ. "ನಂಗ್ಯಾಕಪ್ಪ ಗುಟ್ಟಾಗ್ ಹೇಳ್ತೀಯ? ಎಲ್ರ ಮುಂದೆ ಬೈದ್ಯಲ್ಲ, ಅವ್ರಿಗ್ ಹೋಗ್ ಹೇಳು. ಇನ್ನೂ ಎಳ್ನೀರ್ ಹೊತ್ಕೊಂಡ್ ಬತ್ತಾನೇ ಅವ್ರೆ."

ನ್ಯಾಯವಾದ ಮಾತು. ಹೊರಗೆ ಬಂದೆ. ಪಕ್ಕದ ಮನೆಯ ಹಿರಿಯರು ಎದ್ದು ನನ್ನ ಬೆನ್ನು ತಟ್ಟಿದರು. "ಅವತ್ತು ನೀನ್ ಎಳ್ನೀರ್ ಕುಡಿಸಿದ್ಕೇ ಜೀವ ಉಳೀತು ಕಣಪ್ಪ. ನಿಮ್ಮಕ್ಕನ್ನ ನಂಬ್ಕೊಂಡಿದ್ರೆ ಅಷ್ಟೇಯ!"

ಇಲ್ಲ, ಜೀವ ಉಳಿಸಿದವಳು ಅವಳು, ತೆಗೆಯಲು ಹೊರಟವನು ನಾನು ಎನ್ನಬೇಕಿತ್ತು. ಬಾಯಿ ತೆರೆದೆ. "ಬಸ್ಸಿಗೆ ಹೊತ್ತಾಯ್ತು, ಬತ್ತೀನಿ" ಎಂದೆ.

ಅಲ್ಲಿ ಹೇಳದೆ ಬಂದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಧೈರ್ಯ ಎಂದುಕೊಂಡಿರಾ?

ಆ ಊರಿಗೆ ಈ ಪೇಪರ್ ಹೋಗುವುದಿಲ್ಲ.