ಖಾಲಿ ಸಭಾಂಗಣದಲ್ಲಿ ಹದಿನಾಲ್ಕು ದೀಪ

ಬೆಳಗಿನ ಐದೂವರೆ. ಸಭಾಂಗಣದ ಆರುನೂರು ಕುರ್ಚಿಗಳೂ ಖಾಲಿ. ವೇದಿಕೆಯ ಮೇಲೆ ಮಾತ್ರ ಹದಿನಾಲ್ಕು ದೊಡ್ಡ ದೀಪಗಳು ಉರಿಯುತ್ತಿವೆ. ಅವುಗಳ ಕಾವಿಗೆ ಬೆವರುತ್ತ, ಪಿಯಾನೊದ ಹೊಟ್ಟೆಯೊಳಗೆ ತಲೆ ತೂರಿಸಿ ನಿಂತವರು, ಇಲ್ಲಿ ಎಲ್ಲರೂ ತಂತಿ ಅಕ್ಕ ಎಂದು ಕರೆಯುವವರು. "ಖಾಲಿ ಹಾಲ್‌ಗೆ ಯಾಕಮ್ಮ ಇಷ್ಟೊಂದು ಕರೆಂಟು?" ಎಂದು ಮ್ಯಾನೇಜರು ಗೊಣಗುತ್ತಾರೆ. ಅಕ್ಕ ತಲೆ ಎತ್ತುವುದಿಲ್ಲ. "ಸಂಜೆ ಕತ್ತಲಲ್ಲಿ ನುಡಿಸ್ತಾರಾ ಸಾರ್?"

ಪಿಯಾನೊಗೆ ಶ್ರುತಿ ಕೂಡಿಸುವುದು ಅಕ್ಕನ ಕಸುಬು. ಇನ್ನೂರ ಇಪ್ಪತ್ತಕ್ಕೂ ಹೆಚ್ಚು ತಂತಿ. ಒಂದೊಂದರ ಬಿರಡೆಗೂ ಶ್ರುತಿ ಕೀಲಿ ತೊಡಿಸಿ ಕೂದಲೆಳೆಯಷ್ಟು ತಿರುಗಿಸಬೇಕು. ಕಲಿಸಿದವರು ಮಾವ. "ಮಗನಿಗೇ ಕಲಿಸ್ಬೇಕು ಅಂತಿದ್ರು. ನಮ್ಮೆಜಮಾನ್ರಿಗೆ ಕಾಲಿಂಗ್ ಬೆಲ್ಲೇ ಕೇಳ್ಸಲ್ಲ, ಇನ್ನು ಶ್ರುತಿ ಎಲ್ಲಿಂದ ಕೇಳ್ಸುತ್ತೆ?" ಎಂದು ನಗುತ್ತಾರೆ. ಈ ಕಸುಬಿಗೆ ಇಳಿದು ಮೂವತ್ತೊಂದು ವರ್ಷವಾಯಿತು. ಕಾರ್ಯಕ್ರಮದ ಕರಪತ್ರದಲ್ಲಿ ಹೂವಿನಂಗಡಿಯ ಹೆಸರೂ ಬರುತ್ತದೆ, ಇವರದು ಮಾತ್ರ ಇಲ್ಲ.

ಹೋದ ವರ್ಷ ಮಾನ ಹೋಗಿತ್ತು. ದೀಪ ಹಾಕಿಸಿ ಎನ್ನಲು ಸಂಕೋಚಪಟ್ಟು, ಮುಂಜಾನೆಯ ಚಳಿಯಲ್ಲೇ ಕೆಲಸ ಮುಗಿಸಿದ್ದರು. ಸಂಜೆ ದೀಪಗಳ ಬಿಸಿಗೆ ತಂತಿಗಳು ಅಲ್ಲಲ್ಲಿ ಸಡಿಲಗೊಂಡು ಕಾರ್ಯಕ್ರಮದ ಅರ್ಧದಲ್ಲೇ ಅಪಸ್ವರ ಎದ್ದಿತು. "ತಪ್ಪು ನಂದು, ಬೈಗುಳ ಪಿಯಾನೊಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು." ಈ ಮುದಿ ಪಿಯಾನೊ ಇನ್ನೊಮ್ಮೆ ಕೈಕೊಟ್ಟರೆ ಗುಜರಿಗೇ ಎಂದು ಮ್ಯಾನೇಜರು ಅಂದೇ ಹೇಳಿದ್ದಾರೆ. ಅದಾದ ಮೇಲೆ ಪಿಯಾನೊದ ಮೊದಲ ಕಾರ್ಯಕ್ರಮ ಇವತ್ತು, ಅದಕ್ಕೇ ಬೆಳಗ್ಗೆಯೇ ಸಂಜೆಯ ದೀಪ.

ಇವತ್ತಿನದೋ, ಪಿಟೀಲು ಮತ್ತು ಪಿಯಾನೊಗೆಂದು ಇನ್ನೂರು ವರ್ಷದ ಹಿಂದೆ ಬರೆದ ಸೊನಾಟಾ, ಹಲವು ಭಾಗಗಳ ಪಾಶ್ಚಾತ್ಯ ಕೃತಿ. ಶುರುವಿನಲ್ಲೇ ಎರಡೂ ವಾದ್ಯಗಳು ಒಂದೇ ಧಾಟಿಯನ್ನು ಜೊತೆಯಾಗಿ ನುಡಿಸುತ್ತವೆ. "ಅಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗಾನೇ ಇಲ್ಲ," ಎನ್ನುತ್ತಾರೆ ಅಕ್ಕ. "ಒಂಚೂರು ತಪ್ಪಿದ್ರೂ ಕೊನೇ ಕುರ್ಚಿಯವ್ರಿಗೂ ಗೊತ್ತಾಗುತ್ತೆ."

ಸಂಜೆ. ಅಕ್ಕ ಪರದೆಯ ಮರೆಯಲ್ಲಿ ನಿಂತಿದ್ದಾರೆ, ಕೀಲಿ ಮುಷ್ಟಿಯಲ್ಲಿದೆ. ಪಿಟೀಲಿನ ಮೇಲೆ ಕಮಾನು ಇಳಿಯುತ್ತದೆ, ಪಿಯಾನೊದ ಕಪ್ಪು ಬಿಳಿ ಮನೆಗಳ ಮೇಲೆ ಬೆರಳುಗಳು ಇಳಿಯುತ್ತವೆ. ವಾದ್ಯ ಎರಡು, ದನಿ ಒಂದೇ. ದೀಪಗಳ ಬಿಸಿ ಏರುತ್ತದೆ, ಒಂದೊಂದೇ ಭಾಗ ಮುಗಿಯುತ್ತದೆ, ಮುದಿ ಪಿಯಾನೊ ಒಂದಿಷ್ಟೂ ಜಗ್ಗುವುದಿಲ್ಲ. ಕೊನೆಗೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುವಾಗ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಒಳಗೆ ಬಂದ ಪಿಟೀಲು ವಾದಕಿ ಮ್ಯಾನೇಜರನ್ನು ಕೇಳುತ್ತಾರೆ: "ಹೊಸ ಪಿಯಾನೊ ಯಾವಾಗ ತಂದ್ರಿ? ಮುಂದಿನ ಸಲಾನೂ ಇದೇ ಇರ್ಲಿ."

"ಹಳೇದೇ ಮೇಡಂ," ಎನ್ನುತ್ತ ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಅಕ್ಕನ ಕಡೆ ತಿರುಗಿ, "ಮುಂದಿನ ಕರಪತ್ರದಲ್ಲಿ ನಿಮ್ಮ ಹೆಸ್ರು ಹಾಕ್ಸೋಣ," ಎನ್ನುತ್ತಾರೆ.

"ಹೆಸ್ರು ಬೇಡ ಸಾರ್," ಎನ್ನುತ್ತಾರೆ ಅಕ್ಕ. "ದೀಪದ ಸ್ವಿಚ್ಚು ಎಲ್ಲಿದೆ ತೋರ್ಸಿ, ನಾನೇ ಹಾಕ್ಕೋತೀನಿ."