ಆಲೂರಿಗೆ ಕಾಫಿ ಹೌಸ್ ಬಂದದ್ದು

ಕಾಫಿ ಬೆಳೆಯುವ ಸೀಮೆಯಲ್ಲಿ ಕಾಫಿ ಕುಡಿಸುವುದು ಕಷ್ಟವೆಂದು ನನ್ನ ಚಿಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ವನಗೂರಿನ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದವರು, ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ತೋಟದ ಸಾಹುಕಾರರೆದುರು "ಇನ್ನು ಮೇಲೆ ನಾನೇ ಧಣಿ" ಎಂದು ಎದೆಯುಬ್ಬಿಸಿ ಹೇಳಿ ಬಂದು, ಆಲೂರು ಬಸ್ ನಿಲ್ದಾಣದ ಹತ್ತಿರ 'ಕಾಫಿ ಹೌಸ್' ಎಂದು ಬೋರ್ಡು ಬರೆಸಿಬಿಟ್ಟರು. ಅಂಥ ಬೋರ್ಡು ಊರಿಗೇ ಮೊದಲು. ಕಾಫಿ ಹೌಸ್ ಮುಚ್ಚಿದರೆ ಅದೇ ಸಾಹುಕಾರರ ಮುಂದೆ ಮತ್ತೆ ಕೈಕಟ್ಟಿ ನಿಲ್ಲಬೇಕು.

ಚಿಕ್ಕಪ್ಪ ಹಾಕುತ್ತಿದ್ದುದು ಪರದೇಶಕ್ಕೆ ಹೋಗುವ ಒಂದನೇ ನಂಬರಿನ ಕಾಳು. ಚಿಕೋರಿಯಿಲ್ಲ, ಬೆಲ್ಲವಿಲ್ಲ. ಬಂದವರು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕುತ್ತಿದ್ದರು. "ಏನೋ ವಾಸ್ನೆ ಬತ್ತಾ ಐತೆ ಮಾರಾಯ!"

ಎರಡೇ ವಾರಕ್ಕೆ ಗಿರಾಕಿ ಬರುವುದು ನಿಂತಿತು. ಪಿಯುಸಿಗೆ ಮೂರನೇ ಸಲ ಕಟ್ಟಿ, ಊರವರ ದನಿ ಅಣಕಿಸುವುದರಲ್ಲಿ ಮಾತ್ರ ಪಾಸಾಗಿದ್ದ ನನ್ನನ್ನು ಚಿಕ್ಕಪ್ಪ ಅಡುಗೆಮನೆಯ ಪರದೆಯ ಹಿಂದೆ ಕೂರಿಸಿದರು. ಬಸ್ಸು ಬಂದಾಗಲೆಲ್ಲ ನಾನು ಸಾಹುಕಾರರ ದನಿಯಲ್ಲಿ ಕೆಮ್ಮಿ, "ಏನ್ ಕಾಫಿ ಮಾಡ್ಬುಟ್ಟಿದ್ದೀಯಪ್ಪಾ! ಇನ್ನೊಂದ್ ತತ್ತಾ!" ಎನ್ನಬೇಕು.

ಸಾಹುಕಾರರೇ ಕುಡಿಯುವ ಜಾಗವೆಂದು ಜನ ನುಗ್ಗಿದರು. ಮೂರನೇ ದಿನ ಸಾಹುಕಾರರೂ ನುಗ್ಗಿದರು.

"ಒಳಗ್ ಕುಡೀತಾ ಇರೋ ನಾನು ಯಾವನಪ್ಪಾ?"

ಹೊರಗೆ ಬಂದು ಕೈಮುಗಿದೆ. ಗಾಬರಿಯಲ್ಲಿ ನಮಸ್ಕಾರವೂ ಅವರ ದನಿಯಲ್ಲೇ ಬಂತು. ಅವರು ನನ್ನನ್ನು ಬಿಟ್ಟು ಲೋಟ ಎತ್ತಿಕೊಂಡು ಕುಡಿದು ಮುಖ ಕಿವುಚಿದರು.

"ಥೂ! ಯಾವ್ ತೋಟದ್ದೋ ಇದು?"

"ನಿಮ್ದೇ ಸಾಹುಕಾರ್ರೇ. ವ್ಯಾಪಾರಿ ಹತ್ರ ತಂದಿದ್ದು. ಒಂದನೇ ನಂಬರ್ರು," ಎಂದರು ಚಿಕ್ಕಪ್ಪ.

ಜೀವಮಾನವೆಲ್ಲ ಬೆಳೆದದ್ದನ್ನು ಅವರು ಅವತ್ತೇ ಮೊದಲು ಕುಡಿದದ್ದು. "ಒಂದನೇ ನಂಬರ್ನ ಯಾರಾದ್ರೂ ಕುಡೀತಾರೇನೋ ದಡ್ಡ? ಅದು ಮಾರಾದು ಕಣೋ! ನಮ್ಮಪ್ಪನ ಕಾಲ್ದಿಂದ ಮನೆಗೆ ಆರಿಸಿ ಬಿಸಾಕಿದ್ ಜೊಳ್ಳು, ಕರಿಕಾಳು, ಮೇಲೊಂದಿಷ್ಟು ಬೆಲ್ಲ."

ಮರುದಿನ ಅವರ ಜೀಪಿನಲ್ಲಿ ಅರ್ಧ ಚೀಲ ಕರಿಕಾಳು ಬಂತು. ಚಿಕ್ಕಪ್ಪ ಒಂದನೇ ನಂಬರಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಆಮೇಲೆ ನನಗೆ "ಬೆಲ್ಲ ಕುಟ್ಟು" ಎಂದರು. ಸಂತೆಯ ದಿನ ಬೆಂಚು ಸಾಲಲಿಲ್ಲ. "ಈಗ ಕಾಫಿ ಆತು ನೋಡ್ರೀ!" ಎಂದಿತು ಆಲೂರು.

ಚಿಕ್ಕಪ್ಪ ಎಸ್ಟೇಟಿಗೆ ಮರಳಲಿಲ್ಲ. ದಿನಾ ಬಾಗಿಲು ತೆಗೆಯುವ ಮುಂಚೆ, ಕಳ್ಳಭಟ್ಟಿ ಇಳಿಸುವವರಂತೆ ಕಿಟಕಿ ಮುಚ್ಚಿ, ಒಂದನೇ ನಂಬರಿನದು ಎರಡೇ ಲೋಟ ಮಾಡುತ್ತಿದ್ದರು. ನನಗೊಂದು, ಅವರಿಗೊಂದು. ನಾನು ಕಣ್ಣು ಮುಚ್ಚಿ "ಆಹಾ" ಎನ್ನುತ್ತಿದ್ದೆ. ಪಾಪ, ಅವರು ನಂಬುತ್ತಿದ್ದರು. ನನಗೂ ರುಚಿಸುತ್ತಿದ್ದುದು ಕರಿಕಾಳಿನದೇ.