ಎರಡನೇ ಡ್ರಮ್ಮಿನ ಎಣ್ಣೆ

ಅಡಿಲೇಡ್ ಹಿಲ್ಸ್‌ನ ಮನೆಯಲ್ಲಿ ನಾವು ಕಳೆದ ಎರಡು ಚಳಿಗಾಲವೂ ಮನೆಯ ತುಂಬ ಬೋಂಡಾ ವಾಸನೆ. ಬೋಂಡಾ ಮಾತ್ರ ಇರುತ್ತಿರಲಿಲ್ಲ. ಬೇರೆಯವರು ಕರಿದು ತಿಂದು ಉಳಿಸಿದ ಎಣ್ಣೆಯನ್ನು ನನ್ನ ಗಂಡ ಡಬ್ಬಗಟ್ಟಲೆ ತಂದು, ಸೋಸಿ, ಬಾಯ್ಲರಿಗೆ ಹಾಕಿ ಉರಿಸುತ್ತಿದ್ದರು. ಬಾಯ್ಲರು ಕಾಯಿಸಿದ ನೀರು ಕೊಳವೆಗಳಲ್ಲಿ ಹರಿದು ಕೋಣೆಕೋಣೆಯ ರೇಡಿಯೇಟರುಗಳನ್ನು ಬಿಸಿ ಮಾಡುತ್ತಿತ್ತು. ನಾನು ಕೆಲಸಕ್ಕೆ ಹೋದರೆ ಜೊತೆಯವರು ಮೂಗೆಳೆದು, ಬೆಳಿಗ್ಗೆ ಬೆಳಿಗ್ಗೆಯೇ ಚಿಪ್ಸ್ ತಿಂದು ಬಂದೆಯಾ ಎಂದು ಕೇಳುತ್ತಿದ್ದರು. ಬ್ರಿಸ್ಬೇನಿನಲ್ಲಿ ಓದುತ್ತಿದ್ದ ಮಗಳು ರಜೆಗೆ ಬಂದವಳು ಬಾಗಿಲಲ್ಲೇ ನಿಂತು, "ಮಮ್, ಇಟ್ ಸ್ಮೆಲ್ಸ್ ಲೈಕ್ ಎ ಫಿಶ್ ಅಂಡ್ ಚಿಪ್ಸ್ ಶಾಪ್" ಅಂದಳು. ವಾಪಸು ಹೋದ ಮೇಲೆ ಜಾಕೆಟ್ಟನ್ನು ಎರಡು ಸಲ ಒಗೆದಳಂತೆ.

ಅದಕ್ಕೆ ಮೊದಲು ಹನ್ನೆರಡು ವರ್ಷ ನಾವು ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿದ್ದೆವು. ಅಲ್ಲಿ ಚಳಿಗಾಲವೆಂದರೆ ಬೆಳಿಗ್ಗೆ ಒಂದು ಶಾಲು, ಮಧ್ಯಾಹ್ನಕ್ಕೆ ಅದೂ ಬೇಡ. ಮೈಸೂರಿನಿಂದ ಬಂದು ನಮ್ಮ ಜೊತೆಗೇ ಉಳಿದ ಅತ್ತೆ ಶನಿವಾರ ನನ್ನೊಡನೆ ಸನ್ನಿಬ್ಯಾಂಕಿನ ಅಂಗಡಿಗಳನ್ನು ಸುತ್ತಿ, ಚೀನೀ ಅಜ್ಜಿಯರ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತ ಬದನೆಕಾಯಿ ಆರಿಸುತ್ತಿದ್ದರು. ಆಮೇಲೆ ನನ್ನ ಗಂಡನ ಕೆಲಸ ಅಡಿಲೇಡಿಗೆ ಬಂತು, ಹಿಂದೆಯೇ ನಾವೂ ಬಂದೆವು. ಮೊದಲ ಚಳಿಗಾಲದಲ್ಲೇ, ಬಾಡಿಗೆ ಮನೆಯಲ್ಲಿ, ಅತ್ತೆಯ ಎದೆಗೆ ಶೀತ ಇಳಿದು ಹದಿನೈದು ದಿನ ಮಲಗಿದರು. ಡಾಕ್ಟರು ಎಕ್ಸ್‌ರೇ ನೋಡಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಶ್ವಾಸಕೋಶದಲ್ಲಿ ಹೆಚ್ಚು ಶಕ್ತಿ ಉಳಿದಿಲ್ಲ, ಇವರ ಕೋಣೆ ಒಂದು ದಿನವೂ ತಣ್ಣಗಾಗಬಾರದು, ಇನ್ನೊಂದು ಸಲ ಹೀಗಾದರೆ ಎದ್ದು ಬರುತ್ತಾರೆಂದು ನಾನು ಹೇಳಲಾರೆ. ಆವತ್ತಿನಿಂದ ನಮ್ಮ ಮನೆಯ ಎಲ್ಲ ಲೆಕ್ಕಾಚಾರವೂ ಅತ್ತೆಯ ಕೋಣೆಯ ಸುತ್ತಲೇ ನಡೆಯಿತು.

ಕೊಳವೆಯ ಬಿಸಿ ಇದೆಯೆಂದೇ ಈ ಕಲ್ಲಿನ ಮನೆಯನ್ನು ಕೊಂಡದ್ದು. ಹಿಂದೆ ತಗಡಿನ ಶೆಡ್ಡು, ಅದರೊಳಗೆ ಹಳೆಯ ಡೀಸೆಲ್ ಬಾಯ್ಲರು. ಸುಮ್ಮನೆ ಡೀಸೆಲ್ ಹಾಕಿಕೊಂಡಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಆದರೆ ಹೊಸದನ್ನು ಕೊಳ್ಳುವುದಕ್ಕಿಂತ ಇನ್ನೊಬ್ಬರು ಬಿಸಾಡಿದ್ದನ್ನು ಎತ್ತಿ ತಂದು ಉಪಯೋಗಿಸಿದರೇ ನನ್ನ ಗಂಡನಿಗೆ ಜನ್ಮ ಸಾರ್ಥಕ. ವೀಡಿಯೊ ನೋಡಿ ನೋಡಿ ಬರ್ನರ್ ಬದಲಾಯಿಸಿದರು. ಕನ್ನಡ ಸಂಘದ ಯುಗಾದಿ ಊಟ, ಗಣೇಶನ ಹಬ್ಬ, ಯಾರದೋ ಮನೆಯ ನಾಮಕರಣ, ಎಲ್ಲೆಲ್ಲಿ ಬಾಣಲೆ ಇಟ್ಟರೋ ಅಲ್ಲೆಲ್ಲ ಇವರು ಖಾಲಿ ಡಬ್ಬ ಹಿಡಿದು ಹಾಜರು. ಊಟದ ಸಾಲಿನಲ್ಲಿ ಎಲ್ಲರೂ ಎಲೆ ಕಡೆ ನೋಡುತ್ತಿದ್ದರೆ ಇವರ ಕಣ್ಣು ಬಾಣಲೆಯ ಮೇಲೆ. ನನಗೆ ನಾಚಿಕೆಯಾಗುತ್ತಿತ್ತು, ಆಮೇಲಾಮೇಲೆ ನಾಚಿಕೆಪಡುವುದಕ್ಕೂ ಸುಸ್ತಾಯಿತು.

ಈ ಮನೆಯ ಮೊದಲ ಚಳಿಗಾಲ ಬಾಯ್ಲರು ಚೆನ್ನಾಗಿಯೇ ಉರಿಯಿತು, ಅದನ್ನು ಒಪ್ಪಿಕೊಳ್ಳಬೇಕು. ಅತ್ತೆ ಒಂದು ದಿನವೂ ಕೆಮ್ಮಲಿಲ್ಲ. ಇವರು ಆ ಹೆಮ್ಮೆಯಲ್ಲಿ ಮನೆಯಲ್ಲಿದ್ದ ಎರಡು ಕರೆಂಟ್ ಹೀಟರುಗಳನ್ನೂ ಊರಿಂದ ಓದಲು ಬಂದ ಹುಡುಗರಿಗೆ ಕೊಟ್ಟುಬಿಟ್ಟರು. ಒಂದಾದರೂ ಇರಲಿ ಎಂದು ನಾನು ಹೇಳಿದ್ದೆ. "ಏನಕ್ಕೆ? ನನ್ ಸಿಸ್ಟಮ್ ಮೇಲೆ ನಂಬಿಕೆ ಇಲ್ವಾ?" ಅಂದರು. ಬೇಕಾದರೆ ಇರಲಿ ಎಂದು ಶೆಡ್ಡಿನ ಮೂಲೆಯಲ್ಲಿ ಎರಡು ಕ್ಯಾನ್ ಡೀಸೆಲ್ ಇಟ್ಟರು, ಅಷ್ಟೆ.

ಅತ್ತೆ ಬೆಚ್ಚಗಿದ್ದಷ್ಟೂ ಬಾಯಿ ಚುರುಕು. ಇದೇನೋ, ಮನೆಯೋ ಬಜ್ಜಿ ಅಂಗಡಿಯೋ ಎಂದು ಮಗನನ್ನು ಬೈಯುವರು, ಸಾರು ಸಪ್ಪೆ ಎಂದು ನನ್ನನ್ನು ಬೈಯುವರು. ನಾನು ಉಡುಪಿ ಕಡೆಯವಳು. ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ಪಲ್ಯಕ್ಕೆ ತೆಂಗಿನೆಣ್ಣೆಯ ಒಗ್ಗರಣೆ ಹಾಕಿದ್ದೆ. ಇವರ ಮನೆಯಲ್ಲಿ ಅದು ತಲೆಗೆ ಹಚ್ಚುವ ಎಣ್ಣೆ, ಬಾಯಿಗಲ್ಲ. "ಘಟ್ಟದ ಕೆಳಗಿನೋಳು ಕಣೋ, ತಲೆಗೂ ಪಲ್ಯಕ್ಕೂ ಒಂದೇ ಎಣ್ಣೆ" ಎಂದು ಅತ್ತೆ ಬಂದವರೆದುರಿಗೆಲ್ಲ ನನ್ನ ಕಾಲೆಳೆಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನಿಮ್ಮ ಮಗನ ತಲೆಯಲ್ಲಿ ಕೂದಲೇ ಇಲ್ಲವಲ್ಲ ಅತ್ತೆ, ಪಲ್ಯಕ್ಕಾದರೂ ಬರಲಿ ಎನ್ನುತ್ತಿದ್ದೆ. ನಮ್ಮಿಬ್ಬರದು ಹೀಗೇ ನಡೆದಿತ್ತು.

ಎರಡನೇ ವರ್ಷ ಇವರನ್ನು ಆಫೀಸಿನವರು ತಿಂಗಳಲ್ಲಿ ಎರಡು ವಾರ ಪರ್ತ್‌ಗೆ ಕಳಿಸತೊಡಗಿದರು. ಅಲ್ಲಿನ ವಿಲೆಟನ್‌ನಲ್ಲಿ ಇವರು ಒಂದು ರೂಮು ಹಿಡಿದರು. ಬಾಯ್ಲರು ನನ್ನ ಪಾಲಿಗೆ ಬಂತು. ನಾನು ಆಗ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ಎಬ್ಬಿಸು, ಕೂರಿಸು, ಸ್ನಾನ ಮಾಡಿಸು, ಉಣಿಸು, ಮತ್ತೆ ಮಲಗಿಸು. ಮನೆಗೆ ಬಂದರೆ ಅತ್ತೆಯ ಮಾತ್ರೆ, ಅಡುಗೆ, ಆಮೇಲೆ ಶೆಡ್ಡಿಗೆ ಹೋಗಿ ಎಣ್ಣೆಯ ಮಟ್ಟ ನೋಡಿ ಪರ್ತ್‌ಗೆ ಫೋನಿನಲ್ಲಿ ವರದಿ. ಇವರು ಅಲ್ಲಿಂದ ಎಂಜಿನಿಯರ್ ಧಾಟಿಯಲ್ಲಿ ಆಜ್ಞೆ ಕೊಡುವರು. ನನ್ನ ಮೊಣಕಾಲು ನೋಯುತ್ತಿದೆ ಎಂದರೆ, ಹೌದಾ, ಫಿಲ್ಟರ್ ನೋಡಿದ್ಯಾ ಎನ್ನುವರು.

ಆ ವರ್ಷ ಜುಲೈ ತಿಂಗಳ, ಇಲ್ಲಿಯ ನಡುಚಳಿಗಾಲದ, ಒಂದು ಮಂಗಳವಾರ ಕೆಲಸಕ್ಕೆ ಇಬ್ಬರು ಬಂದಿರಲಿಲ್ಲ, ಅವರ ಪಾಲಿನ ಕೆಲಸವೂ ನನ್ನ ಮೇಲೇ ಬಿದ್ದಿತ್ತು. ನಾಲ್ಕು ಗಂಟೆಗೆ ಮನೆಗೆ ಬಂದಾಗ ಶೆಡ್ಡಿನಲ್ಲಿದ್ದ ಎರಡು ಡ್ರಮ್ಮುಗಳಲ್ಲಿ ಮೊದಲನೆಯದರ ಎಣ್ಣೆ ತಳ ಕಂಡಿತ್ತು. ಫೋನ್ ಮಾಡಿದೆ.

"ಪೈಪ್ ತೆಗ್ದು ಸೆಕೆಂಡ್ ಡ್ರಮ್‌ಗೆ ಹಾಕ್ಬಿಟ್ಟು ಟ್ಯಾಪ್ ಓಪನ್ ಮಾಡು, ಎರಡೇ ನಿಮಿಷ. ಅದು ಯುಗಾದಿ ಎಣ್ಣೆ, ಸೂಪರ್ ಕ್ಲೀನ್" ಅಂದರು ಇವರು.

ಡ್ರಮ್ಮಿನ ಮುಚ್ಚಳ ತೆಗೆದೆ. ದಿನವಿಡೀ ತಗಡಿನ ಮೇಲೆ ಬಿಸಿಲು ಬಿದ್ದಿದ್ದರಿಂದ ಎಣ್ಣೆ ಮಂದವಾಗಿ ಅಲುಗಾಡುತ್ತಿತ್ತು. ಆದರೆ ಡ್ರಮ್ಮಿನ ಗೋಡೆಗೆ ಬೆಳ್ಳಗೆ ಕೆನೆಯಂಥದು ಹತ್ತಿಕೊಂಡಿತ್ತು. ಬೆರಳಿಗೆ ತೆಗೆದು ಮೂಸುವ ಅಗತ್ಯವೇ ಇರಲಿಲ್ಲ, ಆದರೂ ಮೂಸಿದೆ. ತೆಂಗಿನೆಣ್ಣೆ. ಯುಗಾದಿಯ ಊಟಕ್ಕೆ ನಮ್ಮ ಕಡೆಯ ಯಾರೋ ಬಾಳೆಕಾಯಿ ಚಿಪ್ಸು ಕರಿದಿದ್ದರು, ಆ ಬಾಣಲೆಯ ಎಣ್ಣೆಯನ್ನೂ ಇವರು ಇದೇ ಡ್ರಮ್ಮಿಗೆ ಸುರಿದುಕೊಂಡು ಬಂದಿದ್ದರು. ಮಾರ್ಚಿನ ಬಿಸಿಲಲ್ಲಿ ಎಲ್ಲ ಎಣ್ಣೆಯೂ ಹೊಂಬಣ್ಣವೇ, ಇವರಿಗೆ ಹೇಗೆ ಗೊತ್ತಾಗಬೇಕು. ಆದರೆ ನನಗೆ ಗೊತ್ತು. ಚಿಕ್ಕಂದಿನಲ್ಲಿ ಡಿಸೆಂಬರ್ ಬಂದರೆ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸುವ ಕೆಲಸ ನನ್ನದೇ ಆಗಿತ್ತು. ಸಮುದ್ರದ ಬದಿಯ ಚಳಿಗೇ ಗಟ್ಟಿಯಾಗುವ ಎಣ್ಣೆ ಈ ಬೆಟ್ಟದ ಇಬ್ಬನಿಗೆ ಏನಾಗುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಎಣ್ಣೆಯ ಸಣ್ಣ ಕೊಳವೆ ಶೆಡ್ಡಿನ ಹೊರಗೋಡೆಗುಂಟ ಸುತ್ತಿಕೊಂಡು ಬರ್ನರಿಗೆ ಹೋಗುತ್ತಿತ್ತು.

ಮೂಲೆಯಲ್ಲಿ ಡೀಸೆಲ್ ಕ್ಯಾನುಗಳು ಕಾಣುತ್ತಿದ್ದವು. ಡೀಸೆಲ್ ಹಾಕಬೇಕಾದರೆ ಸಿಮೆಂಟಿನ ನೆಲದ ಮೇಲೆ ಮೊಣಕಾಲೂರಿ ಅದರದೇ ಬೇರೆ ಕೊಳವೆ ಜೋಡಿಸಿ ಗಾಳಿ ಹೊರಡಿಸಬೇಕು, ಅರ್ಧ ಗಂಟೆಯ ಕೆಲಸ. ನಾನು ನಿಂತೇ ಇದ್ದೆ. ಫೋನ್ ಮಾಡಿ ಹೇಳಬಹುದಿತ್ತು. ಹೇಳಿದರೆ ಇವರು ಮೊದಲು ನಂಬುವುದಿಲ್ಲ, ಆಮೇಲೆ ಫೋಟೋ ಕಳಿಸು ಎನ್ನುತ್ತಾರೆ, ಆಮೇಲೆ ಹೇಗೂ ನಾನೇ ಮೊಣಕಾಲೂರಬೇಕು. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಅವರ ಬಾಯ್ಲರು, ಅವರ ಎಣ್ಣೆ, ಕೊಳವೆ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ, ಒಂದು ಸಲ ಬುದ್ಧಿ ಬರಲಿ ಎಂದುಕೊಂಡೆ. ಅತ್ತೆಯ ನೆನಪು ಬರಲಿಲ್ಲ ಎಂದರೆ ಸುಳ್ಳು. ಬಂತು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡು ಟ್ಯಾಪ್ ತಿರುಗಿಸಿ ಒಳಗೆ ಬಂದು ಕುಕ್ಕರ್ ಇಟ್ಟೆ.

ಮಲಗುವ ತನಕ ಮನೆ ಬೆಚ್ಚಗಿತ್ತು. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಅತ್ತೆಯ ಕೋಣೆಯ ರೇಡಿಯೇಟರನ್ನು ಒಮ್ಮೆ ಮುಟ್ಟಿ ನೋಡುವುದು ನನ್ನ ಅಭ್ಯಾಸ. ಆವತ್ತು ಮುಟ್ಟಲಿಲ್ಲ. ಬಾಗಿಲಲ್ಲೇ ನಿಂತು ಬರ್ತೀನಿ ಅತ್ತೆ ಎಂದು ಹೇಳಿ ಕಾರು ತೆಗೆದೆ.

ಕೆಲಸದ ಹೊತ್ತಿನಲ್ಲಿ ನಮ್ಮ ಫೋನು ಲಾಕರಿನಲ್ಲಿರುತ್ತದೆ. ಮೂರು ಗಂಟೆಗೆ ತೆಗೆದರೆ ಮನೆಯಿಂದ ಏಳು ಕರೆ. ಗಾಡಿ ಹೇಗೆ ಓಡಿಸಿಕೊಂಡು ಬಂದೆನೋ ತಿಳಿಯದು. ಅತ್ತೆ ಎಲ್ಲ ಸ್ವೆಟರುಗಳನ್ನೂ ಒಂದರ ಮೇಲೊಂದು ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು, ಮಗನ ಹಳೆಯ ಜಾಕೆಟ್ಟನ್ನು ಕಾಲಿಗೆ ಹೊದ್ದು ಹಾಸಿಗೆಯಲ್ಲಿ ಕೂತಿದ್ದರು. ಉಗುರು ನೀಲಿಯಾಗಿತ್ತು.

"ಸ್ವಲ್ಪ ಚಳಿ ಅಷ್ಟೇ ಕಣೆ. ಅವನಿಗೆ ಫೋನ್ ಮಾಡ್ಲಿಲ್ಲ, ಅಷ್ಟ್ ದೂರದಲ್ಲಿ ಗಾಬರಿಯಾಗ್ಬಿಡ್ತಾನೆ" ಅಂದರು. ಮಾತು ತುಂಡು ತುಂಡಾಗಿ ಬರುತ್ತಿತ್ತು.

ಬಿಸಿನೀರಿನ ಚೀಲ ಇಟ್ಟು, ಕಾಫಿ ಕುಡಿಸಿ, ಶೆಡ್ಡಿಗೆ ಹೋಗಿ ಮೊಣಕಾಲೂರಿ ಡೀಸೆಲ್ ಹಾಕಿದೆ. ಹಿಂದಿನ ದಿನ ಮಾಡಬೇಕಾಗಿದ್ದ ಕೆಲಸ, ಇಪ್ಪತ್ತೈದು ನಿಮಿಷ ಹಿಡಿಯಿತು. ಸಂಜೆಯೊಳಗೆ ಮನೆಯೆಲ್ಲ ಬೆಚ್ಚಗಾಯಿತು. ಆದರೆ ಶುಕ್ರವಾರ ಅತ್ತೆಗೆ ಜ್ವರ ಬಂತು, ಶನಿವಾರ ಆಂಬುಲೆನ್ಸ್ ಬಂತು. ನ್ಯುಮೋನಿಯಾ ಅಂದರು.

ಇವರು ಪರ್ತ್‌ನಿಂದ ಬಂದವರು ಆಸ್ಪತ್ರೆಯಲ್ಲಿ ತಾಯಿಯನ್ನು ನೋಡಿಕೊಂಡು ನೇರ ಶೆಡ್ಡಿಗೆ ಹೋದರು. ಎಣ್ಣೆಯ ಕೊಳವೆಯ ಫಿಲ್ಟರ್ ಬಿಚ್ಚಿ, ಅಂಗೈಯಲ್ಲಿ ಒಂದು ಬಿಳಿ ಗಡ್ಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಕೊಬ್ಬರಿ ಎಣ್ಣೆ" ಅಂದರು. "ಇದ್ರಲ್ಲಿ ಕರೀತಾರೆ ಅಂತ ನಂಗೆ ಹೊಳೀಲೇ ಇಲ್ಲ. ನಾನೇ ಕೈಯಾರೆ ತಂದು ಅಮ್ಮನ್ನ ಸಾಯಿಸ್ತಿದ್ನಲ್ಲೇ."

ನನ್ನ ಗಂಡ ಅತ್ತಿದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಕೇಳಿದರು. "ನೀನ್ ಓಪನ್ ಮಾಡ್ದಾಗ ಹೇಗಿತ್ತು?"

"ನೀರಿನ ಥರ ಇತ್ತು" ಅಂದೆ.

ಆಸ್ಪತ್ರೆಯಲ್ಲಿ ಆರು ದಿನ ಏನೂ ಹೇಳುವ ಹಾಗಿರಲಿಲ್ಲ. ಏಳನೇ ದಿನ ಅತ್ತೆ ದಿಂಬಿಗೊರಗಿ ಕೂತು ಎರಡು ಚಮಚ ಗಂಜಿ ಕುಡಿದರು. ಮೂಗಿಗೆ ಆಕ್ಸಿಜನ್ನಿನ ನಳಿಕೆ ಇತ್ತು, ಮೈ ಅರ್ಧಕ್ಕೆ ಇಳಿದಿತ್ತು. ಇನ್ನು ಒಬ್ಬರೇ ಎದ್ದು ಓಡಾಡುವುದು ಕಷ್ಟ, ಎಲ್ಲಕ್ಕೂ ಯಾರಾದರೂ ಜೊತೆಗಿರಬೇಕು ಎಂದು ಡಾಕ್ಟರು ಹೇಳಿದ್ದರು. ಇವರು ಮಂಚದ ಪಕ್ಕ ಕೂತು ಎಣ್ಣೆಯ ಕಥೆಯನ್ನೆಲ್ಲ ತಾಯಿಗೆ ಒಪ್ಪಿಸಿದರು, ತಪ್ಪೆಲ್ಲ ನನ್ನದೇ ಅಂದರು, ಬಾಯ್ಲರನ್ನು ಕಿತ್ತು ಹಾಕಿಸುತ್ತೇನೆ ಅಂದರು. ಅತ್ತೆ ಮಗನ ಕೈ ಸವರಿದರು. ಕೊಬ್ಬರಿ ಎಣ್ಣೆ ಎಂಬ ಮಾತು ಬಂದಾಗ ಒಂದು ಕ್ಷಣ ನನ್ನ ಕಡೆ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದರು. ಇವರು ಕಾಫಿ ತರಲು ಕೆಳಗೆ ಹೋದರು.

ನನಗೆ ಸುಳ್ಳು ಹೊತ್ತು ಹೊತ್ತು ಸಾಕಾಗಿತ್ತು. "ಅತ್ತೆ, ನಂಗೆ ಗೊತ್ತಿತ್ತು" ಅಂದೆ. "ಡ್ರಮ್ ತೆಗ್ದಾಗ್ಲೇ ಗೊತ್ತಾಯ್ತು. ಗೊತ್ತಿದ್ದೂ ಹಾಕ್ಬಿಟ್ಟೆ."

ಬೈಯುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ ಬೈಯಲಿ ಎಂದು ಆಸೆಪಟ್ಟೆ. ಇಷ್ಟು ವರ್ಷ ಉಪ್ಪಿಗೆ, ಒಗ್ಗರಣೆಗೆ, ಬಟ್ಟೆ ಮಡಿಸುವ ರೀತಿಗೆ ಬೈದವರು ಇದಕ್ಕೆ ಬೈಯದಿರಲು ಸಾಧ್ಯವೇ ಇಲ್ಲ ಅನ್ನಿಸಿತ್ತು.

"ಗೊತ್ತಿರತ್ತೆ ಅಂತ ನಂಗೂ ಗೊತ್ತು" ಅಂದರು ಅತ್ತೆ, ಮೆಲ್ಲಗೆ. ಉಸಿರು ತೆಗೆದುಕೊಂಡು, "ಅವನಿಗೆ ಹೇಳ್ಬೇಡ" ಅಂದರು.

"ಯಾಕತ್ತೆ?"

"ಅವನು ಮುಂದಿನ ವಾರ ಪರ್ತ್‌ಗೆ ಹೋಗ್ತಾನಮ್ಮ. ಆಮೇಲೆ ಮನೇಲಿ ಇರೋದು ನೀನು, ನಾನು."

ಮೊದಲು ಅದನ್ನು ಕ್ಷಮೆ ಎಂದುಕೊಂಡೆ. ಅರೆಗಳಿಗೆಯಷ್ಟೆ. ಆಮೇಲೆ ಆ ದನಿ ಗುರುತು ಸಿಕ್ಕಿತು. ಸ್ನಾನದ ನೀರು ತಣ್ಣಗಿದ್ದರೂ ಪರವಾಗಿಲ್ಲ ಎನ್ನುವ, ನಾಳೆಯೂ ಇದೇ ಕೈಗಳು ತಮ್ಮನ್ನು ಎತ್ತಬೇಕೆಂದು ತಿಳಿದಿರುವ ವೃದ್ಧಾಶ್ರಮದ ಮುದುಕಿಯರು ನನ್ನ ಜೊತೆ ಮಾತಾಡುವುದು ಇದೇ ದನಿಯಲ್ಲಿ. ಅತ್ತೆಗೆ ನನ್ನನ್ನು ಕಂಡರೆ ಭಯವಾಗಿತ್ತು.

ಹೊದಿಕೆ ಭುಜದಿಂದ ಜಾರಿತ್ತು, ಎಳೆದು ಸರಿಯಾಗಿ ಹೊದಿಸಿದೆ.

"ಥ್ಯಾಂಕ್ಸ್" ಅಂದರು ಅತ್ತೆ. ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಅವರು ನನಗೆ ಹೇಳಿದ್ದು ಅದೇ ಮೊದಲು.